ಲೆಕ್ಕಕ್ಕೆ ಸಿಗದ ಮಾಣಿ

ಸರಕಾರಿ ಗುಮಾಸ್ತನಿಗೆ ವರ್ಷದ ರಜೆಗಳೆಲ್ಲ ಬಾಯಿಪಾಠ. ಏಪ್ರಿಲ್ 14 ಡಾ. ಅಂಬೇಡ್ಕರ್ ಜಯಂತಿ, ಕಚೇರಿಗೆ ಬಿಡುವು. ನನ್ನ ತಾಯಿಯ ತಂದೆ ಬದುಕಿದ್ದಷ್ಟು ಕಾಲ ಆ ದಿನ ಅವರ ಮನೆಗೆ ಹೋಗುವುದು ನನ್ನ ರೂಢಿ. ಆಯುಷ್ಯವನ್ನೆಲ್ಲ ಮುಂಬಯಿಯ ಹೋಟೆಲುಗಳಲ್ಲೇ ಸವೆಸಿದ ಅಜ್ಜ ದಿನಕ್ಕೆ ಐದಾರು ಸಲ ಚಹಾ ಕುಡಿಯುವವರು. ಆದರೆ ಆ ಒಂದು ದಿನ ಮಾತ್ರ ಸಂಜೆ ನಾಲ್ಕರ ಚಹಾ ಮುಟ್ಟುತ್ತಿರಲಿಲ್ಲ. “ಯಾಕಜ್ಜ?” ಎಂದು ಕೇಳಿದರೆ, “ಮಾಣಿ ಬರಲಿ” ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಅದನ್ನು ತಮಾಷೆ ಎಂದೇ ತಿಳಿದಿದ್ದೆ.

1944ರಲ್ಲಿ ಅಜ್ಜನಿಗೆ ಹದಿನಾಲ್ಕು ವರ್ಷ. ಉಡುಪಿ ಕಡೆಯಿಂದ ಬಂದು ಮಸೀದಿ ಬಂದರಿನ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದರು. ಅವರಿಗಿಂತ ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಹುಡುಗ ಚಹಾದ ಕಿಟ್ಲಿ ಹಿಡಿದು ಡಾಕಿನ ಕಡೆಯ ಉಗ್ರಾಣಗಳಿಗೆ ಹೋಗಿ ಬರುವವನು. ಅವನನ್ನು ಎಲ್ಲರೂ ‘ಕುಂದಾಪುರದ ಮಾಣಿ’ ಎಂದು ಕರೆಯುತ್ತಿದ್ದರಂತೆ. ಏಪ್ರಿಲ್ 14, ಶುಕ್ರವಾರ, ನಾಲ್ಕು ಗಂಟೆಗೆ ತುಸು ಮುಂಚೆ ಅವನು ಎಂದಿನಂತೆ ಕಿಟ್ಲಿ ಎತ್ತಿಕೊಂಡು ಹೊರಟ.

ಆ ಹೊತ್ತಿಗೆ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ನಿಂತಿತ್ತು. ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಹೊರಟು, ಕರಾಚಿಯ ಮಾರ್ಗವಾಗಿ ಏಪ್ರಿಲ್ 12ರಂದು ಮುಂಬಯಿಗೆ ಬಂದದ್ದು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ ಸಿಡಿಮದ್ದು. ಸಾಲದ್ದಕ್ಕೆ ಕರಾಚಿಯಲ್ಲಿ ಹೇರಿಕೊಂಡ ಸಾವಿರಾರು ಹತ್ತಿಯ ಬೇಲುಗಳು, ಎಣ್ಣೆಯ ಪೀಪಾಯಿಗಳು. ಯುದ್ಧದ ಅವಸರದಲ್ಲಿ ಇಂಥ ಹಡಗನ್ನು ಊರಿನ ಮಗ್ಗುಲಿಗೇ ತಂದು ಕಟ್ಟಿದ್ದರು. ಅಪಾಯದ ಕೆಂಪು ಬಾವುಟವನ್ನೂ ಹಾರಿಸಿರಲಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ಹೊಗೆ ಕಾಣಿಸಿತು. ಅಗ್ನಿಶಾಮಕ ದಳದವರು 900 ಟನ್ ನೀರು ಸುರಿದರೂ ಬೆಂಕಿ ಆರಲಿಲ್ಲ. ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಸಿಡಿಯಿತು. ‘ಜಲಪದ್ಮ’ ಎಂಬ ಇನ್ನೊಂದು ಹಡಗು ನೀರಿನಿಂದ ಎದ್ದು ದಂಡೆಯ ಉಗ್ರಾಣದ ಮೇಲೆ ಒರಗಿತು. ಅರ್ಧ ತಾಸಿನೊಳಗೆ, 4 ಗಂಟೆ 34 ನಿಮಿಷಕ್ಕೆ, ಎರಡನೆಯ ಸ್ಫೋಟ. ಅದರ ನಡುಕ ಶಿಮ್ಲಾದ ಭೂಕಂಪ ಮಾಪಕದಲ್ಲೂ ದಾಖಲಾಯಿತೆನ್ನುತ್ತಾರೆ. ಉರಿಯುವ ಹತ್ತಿ ಆಕಾಶಕ್ಕೆ ಹಾರಿ, ಬಿದ್ದಲ್ಲೆಲ್ಲ ಬೆಂಕಿ ಹೊತ್ತಿಸಿತು.

ಹೋಟೆಲಿನಲ್ಲಿ ಗಾಜೆಲ್ಲ ಪುಡಿ. ಪಾತ್ರೆಯ ಹಲಗೆ ಕಳಚಿ ಬಿತ್ತು. ಜಪಾನಿನವರು ಬಾಂಬು ಹಾಕಿದರೆಂದು ಯಜಮಾನರು ಹುಡುಗರನ್ನೆಲ್ಲ ಹೊರಗೆ ಅಟ್ಟಿದರು. ಬೀದಿಯ ತುಂಬ ಗಂಟುಮೂಟೆ ಹೊತ್ತ ಜನ. ಎಲ್ಲಿಗೆ ಎಂಬುದು ಯಾರಿಗೂ ಗೊತ್ತಿಲ್ಲ. ಆ ರಾತ್ರಿ ಹುಡುಗರು ಪರೇಲಿನ ಕಡೆ ಯಾರದೋ ಚಾಳಿನ ಮೆಟ್ಟಿಲ ಮೇಲೆ ಮಲಗಿದರಂತೆ. ಮರಳಿ ಬಂದಾಗ ಮಾಣಿ ಬಂದಿರಲಿಲ್ಲ. ಆಸ್ಪತ್ರೆ ತಿರುಗಿದ್ದಾಯಿತು, ಪೋಲೀಸರನ್ನು ಕೇಳಿದ್ದಾಯಿತು. “ಹೆಸರೇನು? ತಂದೆಯ ಹೆಸರೇನು?” ಎಂದು ಅವರು ಕೇಳಿದರೆ ಇವರಲ್ಲಿ ಉತ್ತರವಿಲ್ಲ. ಮಾಣಿಗೆ ಮಾಣಿ ಎಂಬುದಲ್ಲದೆ ಬೇರೆ ಹೆಸರು ಇದ್ದೀತೆಂದು ಹೋಟೆಲಿನಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ!

ಪತ್ರಿಕೆಗಳಿಗೆ ಯುದ್ಧಕಾಲದ ನಿರ್ಬಂಧ. ಮುಂಬಯಿಯ ಸುದ್ದಿಯನ್ನು ಮರುದಿನ ಜಗತ್ತಿಗೆ ಮೊದಲು ಹೇಳಿದ್ದು ಜಪಾನೀಯರ ಕೈಯಲ್ಲಿದ್ದ ಸೈಗಾನ್ ರೇಡಿಯೋ. ನಮ್ಮ ಪತ್ರಿಕೆಗಳು ಬರೆಯಲು ಮೇ ತಿಂಗಳು ಬರಬೇಕಾಯಿತು. ಅಷ್ಟರಲ್ಲಿ ಅವಶೇಷ ತೆಗೆಯುವ ಕೆಲಸ ಸಾಗಿತ್ತು. ಸುಮಾರು 8,000 ಜನ ಏಳು ತಿಂಗಳು ದುಡಿದು ಐದು ಲಕ್ಷ ಟನ್ನಿನಷ್ಟು ಕಲ್ಲು, ಕಬ್ಬಿಣ, ಬೂದಿಯನ್ನು ಹೊತ್ತು ಡಾಕನ್ನು ಮತ್ತೆ ನಡೆಯುವಂತೆ ಮಾಡಿದರು. ಅಜ್ಜನ ಹೋಟೆಲಿಗೆ ಹೊಸ ಗಾಜು ಬಂತು. ಕಿಟ್ಲಿಗೆ ಹೊಸ ಹುಡುಗ ಬಂದ.

ಹೋದ ಏಪ್ರಿಲ್ 14ರಂದು ನಾನು ಆ ಕಡೆ ಹೋಗಿದ್ದೆ. ಅಜ್ಜನ ಕಾಲದ ಫ್ರಿಯರ್ ರಸ್ತೆ ಈಗ ಪಿ. ಡಿಮೆಲೊ ರಸ್ತೆ. 2013ರಲ್ಲಿ ತೆರೆದ ಈಸ್ಟರ್ನ್ ಫ್ರೀವೇ ಅಲ್ಲಿಂದಲೇ ಮೇಲೇರಿ ಹೋಗುತ್ತದೆ. ವಿಕ್ಟೋರಿಯಾ ಡಾಕಿನಲ್ಲಿ ಈಗ ನೀರೇ ಇಲ್ಲ. ಸರಕಿನ ಪೆಟ್ಟಿಗೆಗಳಿಗೆ ಜಾಗ ಮಾಡಲು ಅದನ್ನು ತುಂಬಿ ಸಮತಟ್ಟು ಮಾಡಿದ್ದಾರೆ. ಫ್ರೀವೇ ಮೇಲೆ ಕಾರಿನಲ್ಲಿ ಹೋಗುವವನಿಗೆ ಕೆಳಗೆ ಏನಿತ್ತೆಂದು ತಿಳಿಯುವ ಬಗೆಯೇ ಇಲ್ಲ. ನಗರ ಬೆಳೆಯಬೇಕಾದರೆ ಇದೆಲ್ಲ ಆಗಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ.

ನನ್ನ ಸಂಕಟ ಗುಮಾಸ್ತನ ಸಂಕಟ. ಆ ಹಡಗಿನಲ್ಲಿ 31 ಪೆಟ್ಟಿಗೆ ಚಿನ್ನವೂ ಇತ್ತು. ಪೆಟ್ಟಿಗೆಗೆ ನಾಲ್ಕು ಗಟ್ಟಿ, ಒಟ್ಟು 124. ಎಷ್ಟೋ ವರ್ಷಗಳ ಮೇಲೆ, ಹೂಳೆತ್ತುವಾಗ ಸಿಕ್ಕ ಗಟ್ಟಿಗಳಿಗೂ ಲೆಕ್ಕವಿಟ್ಟಿದ್ದಾರೆ. ಪ್ರಾಣ ಕೊಟ್ಟ 66 ಮಂದಿ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ದೇಶವೇ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಆಚರಿಸುತ್ತದೆ, ಅದು ನ್ಯಾಯವೇ. ಸತ್ತವರ ಒಟ್ಟು ಸಂಖ್ಯೆಗೆ ಬಂದರೆ ಮಾತ್ರ ಒಬ್ಬರು 800 ಎನ್ನುತ್ತಾರೆ, ಇನ್ನೊಬ್ಬರು 1,300 ಎನ್ನುತ್ತಾರೆ. ಚಿನ್ನದಲ್ಲಿ ಒಂದು ಗಟ್ಟಿ ತಪ್ಪಿದರೆ ಹುಡುಕುತ್ತಾರೆ. ಮನುಷ್ಯರಲ್ಲಿ ಐನೂರರ ಅಂತರವನ್ನು ಹಾಗೆಯೇ ಬಿಟ್ಟಿದ್ದೇವೆ. ಪರಿಹಾರ ಕೇಳಿದವರಿಗೆ ಸರಕಾರ ಪರಿಹಾರ ಕೊಟ್ಟಿತು. ಆದರೆ ಕೇಳಲು ಕಾಗದ ಬೇಕಲ್ಲ! ಕಾಗದದಲ್ಲಿಲ್ಲದ್ದು ಇಲ್ಲವೇ ಇಲ್ಲ ಎಂಬುದು ಕಚೇರಿಯ ಧರ್ಮ. ನಾನೂ ಅದೇ ಧರ್ಮದ ಅನ್ನ ಉಣ್ಣುವವನು. ಕುಂದಾಪುರದಲ್ಲಿ ಯಾವ ತಾಯಿ ಎಷ್ಟು ಮಳೆಗಾಲ ಮಗನ ದಾರಿ ಕಾದಳೋ, ಅವಳಿಗೆ ಯಾರಾದರೂ ಸುದ್ದಿ ಮುಟ್ಟಿಸಿದರೋ ಇಲ್ಲವೋ, ಅಜ್ಜನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅಜ್ಜ ಹೋಗಿ ಎಂಟು ವರ್ಷವಾಯಿತು. ಆ ದಿನವನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಕಿವಿಯಾರೆ ಕೇಳಿದ ನಾವು ಇನ್ನೂ ಇದ್ದೇವೆ. ನಮ್ಮ ಸಂಘದ ಎಷ್ಟೋ ಮನೆಗಳ ಹಿರಿಯರು ಮುಂಬಯಿಗೆ ಬಂದದ್ದು ಇಂಥ ಹೋಟೆಲುಗಳಿಗೇ. ಅವರು ಹೇಳಿದ್ದು ನಿಮಗೆ ನೆನಪಿದ್ದರೆ, ಒಂದು ಹಾಳೆಯಲ್ಲಾದರೂ ಬರೆದಿಡಿ. ಹೆಸರು ಗೊತ್ತಿದ್ದರೆ ಹೆಸರು. ಇಲ್ಲವಾದರೆ, ನಾನು ಬರೆದಂತೆ, ಊರಾದರೂ ಸಾಕು. ಕುಂದಾಪುರದ ಮಾಣಿ, ವಯಸ್ಸು ಸುಮಾರು ಹದಿನಾರು, ಚಹಾ ಕೊಡಲು ಹೋದವನು.