ಇ-ಮೇಲ್: ಮೂಲವೆಲ್ಲಿ, ನಕಲೆಲ್ಲಿ?

ಆರೋಗ್ಯವನ್ನು ಕುರಿತ ಲೇಖನಗಳ ನಡುವೆ ಇ-ಮೇಲಿನ ಮಾತೇಕೆ ಎಂದು ವಾಚಕರು ಕೇಳಬಹುದು. ರಕ್ತಪರೀಕ್ಷೆಯ ವರದಿ, ಸ್ಕ್ಯಾನಿನ ವಿವರ, ಆಸ್ಪತ್ರೆಯ ಬಿಲ್ಲು, ವಿಮೆಯ ಕಾಗದ ಇವೆಲ್ಲ ಇಂದು ಬಹುಮಟ್ಟಿಗೆ ಇ-ಮೇಲಿನ ಮೂಲಕವೇ ನಮ್ಮ ಕೈಸೇರುತ್ತವೆ. ಹಿಂದೆ ಇಂಥ ಕಾಗದಗಳನ್ನು ಮಡಿಸಿ ಟ್ರಂಕಿನಲ್ಲಿ ಇಡುತ್ತಿದ್ದೆವು. ಅದರ ಬೀಗದ ಕೈ ಎಲ್ಲಿದೆಯೆಂಬುದು ಮನೆಯವರಿಗೆಲ್ಲ ತಿಳಿದಿರುತ್ತಿತ್ತು. ಈಗಿನ ಈ ಪೆಟ್ಟಿಗೆ ಎಲ್ಲಿದೆ, ಅದರೊಳಗಿನ ಪತ್ರ ಯಾವಾಗ ಉಳಿಯುತ್ತದೆ, ಯಾವಾಗ ಅಳಿಯುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ನನಗೂ ತಿಳಿದಿರಲಿಲ್ಲ. ಎರಡು ಸಲ ಪೆಟ್ಟು ತಿಂದ ಮೇಲೆ ತಿಳಿದುಕೊಂಡೆ.

2016ರ ಮಳೆಗಾಲದಲ್ಲಿ, ಊರಿನಿಂದ ಬಂದು ನಮ್ಮೊಡನಿದ್ದ ನನ್ನ ತಾಯಿಯವರಿಗೆ ಒಂದು ರಾತ್ರಿ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಮುಂಬಯಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ವೈದ್ಯರು ಹಿಂದಿನ ವರ್ಷದ ಎಕೋ ವರದಿಯನ್ನು ಕೇಳಿದರು. ಹೃದಯದ ಶಕ್ತಿ ಈಗ ಕುಗ್ಗಿದೆಯೋ ಮೊದಲಿನಿಂದಲೂ ಹಾಗೆಯೇ ಇದ್ದಿತೋ ಎಂಬುದನ್ನು ಅವರು ಹೋಲಿಸಿ ನೋಡಬೇಕಾಗಿತ್ತು. ಆ ವರದಿ ಇ-ಮೇಲಿನಲ್ಲಿ ಬಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಮೊಬೈಲನ್ನು ತೆರೆದರೆ ಅದು ಅಲ್ಲಿಲ್ಲ. ಹಿಂದಿನ ತಿಂಗಳ ಪತ್ರಗಳೂ ಇಲ್ಲ. ನನ್ನ ಮಗ ಲೋಕಲ್ ಗಾಡಿಯಲ್ಲಿ ಡೊಂಬಿವಲಿಯ ಮನೆಗೆ ಹೋಗಿ, ಕಂಪ್ಯೂಟರಿನಿಂದ ಅದನ್ನು ಮುದ್ರಿಸಿ ತರುವಷ್ಟರಲ್ಲಿ ನಾಲ್ಕು ಗಂಟೆಗಳು ಕಳೆದುಹೋಗಿದ್ದವು. ದೇವರ ದಯೆಯಿಂದ ತಾಯಿಯವರು ಚೇತರಿಸಿಕೊಂಡರು.

ಎರಡನೆಯ ಪ್ರಸಂಗ ಇದಕ್ಕೆ ತೀರ ವಿರುದ್ಧವಾದುದು. 2021ರಲ್ಲಿ ಮೊಬೈಲಿನಲ್ಲಿ ಜಾಗ ತುಂಬಿದೆಯೆಂಬ ಸೂಚನೆ ಬಂದಿತು. ಮನೆಯ ಕಂಪ್ಯೂಟರಿನಲ್ಲಿ ಎಲ್ಲವೂ ಇದೆಯಲ್ಲ ಎಂಬ ಧೈರ್ಯದಿಂದ ಹಳೆಯ ಪತ್ರಗಳನ್ನೆಲ್ಲ ಮೊಬೈಲಿನಲ್ಲಿ ಅಳಿಸಿಬಿಟ್ಟೆ. ಎರಡು ತಿಂಗಳ ನಂತರ ವಿಮೆಯ ಹಣಕ್ಕಾಗಿ ಬಿಲ್ಲುಗಳು ಬೇಕಾದವು. ಕಂಪ್ಯೂಟರಿನಲ್ಲಿಯೂ ಅವು ಇರಲಿಲ್ಲ. ಆಸ್ಪತ್ರೆಯವರು ಬಿಲ್ಲಿನ ನಕಲನ್ನು ಮತ್ತೆ ಕೊಟ್ಟರು. ಆದರೆ ಧಾರವಾಡದಲ್ಲಿದ್ದ ನನ್ನ ಅಣ್ಣನವರು ತಮ್ಮ ಕೊನೆಯ ವರ್ಷಗಳಲ್ಲಿ ನನಗೆ ಬರೆದ ಪತ್ರಗಳೂ ಅವುಗಳೊಡನೆಯೇ ಹೋಗಿದ್ದವು. ಅವಕ್ಕೆ ನಕಲು ಕೊಡುವವರು ಯಾರೂ ಇಲ್ಲ.

ಎರಡು ಪದ್ಧತಿಗಳು

ಈ ಎರಡೂ ಪ್ರಸಂಗಗಳಲ್ಲಿ ಯಂತ್ರವು ತಪ್ಪು ಮಾಡಲಿಲ್ಲ. ತನಗೆ ಹೇಳಿಕೊಟ್ಟ ಪದ್ಧತಿಯಂತೆ ನಡೆಯಿತು. ಇ-ಮೇಲ್ ನಮ್ಮ ಮೊಬೈಲಿಗೆ ನೇರವಾಗಿ ಬರುವುದಿಲ್ಲ. ಸೇವೆಯನ್ನು ಒದಗಿಸುವ ಸಂಸ್ಥೆಯ, ಹಗಲಿರುಳು ನಡೆಯುತ್ತಿರುವ ಕಂಪ್ಯೂಟರು ಅದನ್ನು ಸ್ವೀಕರಿಸಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಸರ್ವರ್ ಎಂದು ಹೆಸರು. ನಮ್ಮ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿರುವ ಆ್ಯಪ್ ಅಲ್ಲಿಂದ ಪತ್ರವನ್ನು ತರಿಸಿಕೊಳ್ಳುತ್ತದೆ. ತರಿಸಿಕೊಳ್ಳುವುದಕ್ಕೆ ಮುಖ್ಯವಾಗಿ ಎರಡು ಪದ್ಧತಿಗಳಿವೆ.

ಮೊದಲನೆಯದು ಪೋಸ್ಟ್ ಆಫೀಸ್ ಪ್ರೋಟೋಕಾಲ್, ಅಂದರೆ ಪಾಪ್. ಇದರ ಮೊದಲ ರೂಪ ಪ್ರಕಟವಾದದ್ದು 1984ರಲ್ಲಿ. ಈಗ ಬಳಕೆಯಲ್ಲಿರುವ ಮೂರನೆಯ ರೂಪದ ನಿಯಮಗಳು 1996ರವು. ಅಂಚೆ ಕಚೇರಿಗೆ ಹೋಗಿ ನಮ್ಮ ಕಾಗದಗಳನ್ನು ಬಿಡಿಸಿಕೊಂಡು ಮನೆಗೆ ತರುವಂತೆಯೇ ಇದರ ಕ್ರಮ. ಆ್ಯಪ್ ಸರ್ವರನ್ನು ಸಂಪರ್ಕಿಸಿ, ಪತ್ರಗಳನ್ನು ಇಳಿಸಿಕೊಂಡು, ಅಲ್ಲಿಯ ಪ್ರತಿಯನ್ನು ಅಳಿಸುವಂತೆ ಹೇಳಿ ಹೊರಡುತ್ತದೆ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಟೆಲಿಫೋನ್ ತಂತಿಯ ಮೇಲೆ ಸಂಪರ್ಕ ಸಾಧಿಸಿ, ನಿಮಿಷಗಳನ್ನು ಎಣಿಸುತ್ತಿದ್ದ ಆ ಕಾಲಕ್ಕೆ ಈ ಪದ್ಧತಿ ಬಹಳ ಮಿತವ್ಯಯದ್ದಾಗಿತ್ತು: ಪತ್ರ ಇಳಿಸಿಕೊ, ಫೋನು ಇಡು, ಆಮೇಲೆ ನಿಧಾನವಾಗಿ ಓದು. ನಡುವೆ ತಂತಿ ಕಡಿದರೆ ಅವೇ ಪತ್ರಗಳು ಮತ್ತೊಮ್ಮೆ ಬರುತ್ತಿದ್ದುದನ್ನು ಹಳಬರು ಬಲ್ಲರು. ಆ್ಯಪ್ ಕ್ರಮವಾಗಿ ವಿದಾಯ ಹೇಳುವವರೆಗೂ ಸರ್ವರ್ ಏನನ್ನೂ ಅಳಿಸಕೂಡದೆಂಬುದು ಪಾಪ್‌ನ ನಿಯಮ.

ಒಬ್ಬನಿಗೆ ಒಂದೇ ಯಂತ್ರವಿದ್ದಾಗ ಇದು ಸರಿ. ಎರಡು ಯಂತ್ರಗಳಾದಾಗ ತೊಡಕು ಆರಂಭವಾಗುತ್ತದೆ. ನಮ್ಮ ಮನೆಯ ಕಂಪ್ಯೂಟರು ಪ್ರತಿ ಬೆಳಿಗ್ಗೆಯೂ ಪತ್ರಗಳನ್ನು ಇಳಿಸಿಕೊಂಡು ಸರ್ವರನ್ನು ಬರಿದುಮಾಡುತ್ತಿತ್ತು. ಮೊಬೈಲಿಗೆ ಸಿಕ್ಕಬೇಕಾದ ಪತ್ರವೇ ಅಲ್ಲಿ ಉಳಿದಿರಲಿಲ್ಲ. ನಾವು ಕಳುಹಿಸಿದ ಪತ್ರದ ಪ್ರತಿಯೂ ಪಾಪ್ ಪದ್ಧತಿಯಲ್ಲಿ ಕಳುಹಿಸಿದ ಯಂತ್ರದಲ್ಲಿ ಮಾತ್ರ ಇರುತ್ತದೆ. ಆ ಯಂತ್ರ ಕೆಟ್ಟರೆ ಎಲ್ಲವೂ ಹೋದಂತೆಯೇ.

ಎರಡನೆಯ ಪದ್ಧತಿ ಐಮ್ಯಾಪ್. ಇದನ್ನು 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದವರು ಮಾರ್ಕ್ ಕ್ರಿಸ್ಪಿನ್. ಇದರಲ್ಲಿ ಮೂಲಪ್ರತಿ ಸದಾ ಸರ್ವರಿನಲ್ಲಿಯೇ ಇರುತ್ತದೆ. ಮೊಬೈಲ್, ಕಂಪ್ಯೂಟರುಗಳಲ್ಲಿ ಕಾಣುವುದು ಅದರ ನಕಲು. ಮೂಲಕ್ಕೂ ನಕಲಿಗೂ ತಾಳೆ ಹೊಂದಿಸುವ ಕೆಲಸಕ್ಕೆ ಸಿಂಕ್ ಎನ್ನುತ್ತಾರೆ.

ತಾಳೆ ಹೊಂದಿಸುವ ಬಗೆ

ನಮ್ಮ ಸಂಘದಲ್ಲಿ ಬ್ಯಾಂಕಿನಲ್ಲಿ ದುಡಿದವರು ಬಹಳ ಮಂದಿ ಇದ್ದಾರೆ. ಬ್ಯಾಂಕಿನ ಲೆಡ್ಜರು ಮೂಲ, ನಮ್ಮ ಪಾಸ್‌ಬುಕ್ಕು ನಕಲು ಎಂಬುದನ್ನು ಅವರಿಗೆ ಹೇಳಬೇಕಾಗಿಲ್ಲ. ಪಾಸ್‌ಬುಕ್ಕನ್ನು ತುಂಬಿಸುವಾಗ ಗುಮಾಸ್ತನು ಮೊದಲಿನಿಂದ ಬರೆಯುವುದಿಲ್ಲ; ಕೊನೆಯ ನಮೂದು ಯಾವುದೆಂದು ನೋಡಿ ಮುಂದಿನವನ್ನು ಮಾತ್ರ ಸೇರಿಸುತ್ತಾನೆ. ಐಮ್ಯಾಪ್ ಮಾಡುವುದೂ ಇದನ್ನೇ. ಪೆಟ್ಟಿಗೆಗೆ ಬಂದ ಪ್ರತಿಯೊಂದು ಪತ್ರಕ್ಕೂ ಸರ್ವರ್ ಏರುತ್ತ ಹೋಗುವ ಒಂದು ಕ್ರಮಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಯನ್ನು ಮತ್ತೊಂದು ಪತ್ರಕ್ಕೆ ಕೊಡುವಂತಿಲ್ಲ. ‘ನನ್ನಲ್ಲಿ 4,210ರವರೆಗೆ ಇವೆ, ಮುಂದಿನವನ್ನು ಕೊಡು’ ಎಂದು ಆ್ಯಪ್ ಕೇಳಿದರೆ ಸಾಕು. ಯಾವುದಾದರೂ ಕಾರಣದಿಂದ ಸರ್ವರ್ ಹೊಸದಾಗಿ ಎಣಿಕೆಯನ್ನು ಆರಂಭಿಸಿದರೆ ಅದನ್ನು ತಿಳಿಸುವ ಇನ್ನೊಂದು ಗುರುತೂ ಇದೆ. ಆಗ ಆ್ಯಪ್ ತನ್ನ ಹಳೆಯ ನಕಲನ್ನು ಬಿಟ್ಟು ಎಲ್ಲವನ್ನೂ ಮತ್ತೆ ತರಿಸಿಕೊಳ್ಳುತ್ತದೆ.

ಒಮ್ಮೆ ಬಂದ ಪತ್ರದ ಒಕ್ಕಣೆ ಎಂದಿಗೂ ಬದಲಾಗದು. ಬದಲಾಗುವುದು ಅದರ ಮೇಲಿನ ಗುರುತುಗಳು ಮಾತ್ರ: ಓದಿದ್ದು, ಉತ್ತರಿಸಿದ್ದು, ಮುಖ್ಯವಾದದ್ದು, ಅಳಿಸಬೇಕಾದದ್ದು. ಆದುದರಿಂದ ತಾಳೆ ಹೊಂದಿಸುವ ಕೆಲಸ ಬಹಳ ಹಗುರವಾಗುತ್ತದೆ. ಮೊಬೈಲಿನಲ್ಲಿ ಓದಿದ ಪತ್ರ ಕಂಪ್ಯೂಟರಿನಲ್ಲಿಯೂ ಓದಿದಂತೆ ಕಾಣುವುದು ಈ ಗುರುತಿನಿಂದಲೇ. ಸಂಪರ್ಕವಿಲ್ಲದ ಕಡೆ ನಾವು ಮಾಡಿದ್ದನ್ನು ಆ್ಯಪ್ ಬರೆದಿಟ್ಟುಕೊಂಡು ಸಂಪರ್ಕ ಬಂದೊಡನೆ ಸರ್ವರಿಗೆ ಒಪ್ಪಿಸುತ್ತದೆ. ಬರೆದು ಅರ್ಧಕ್ಕೆ ನಿಲ್ಲಿಸಿದ ಕರಡು ಮಾತ್ರ ಇದಕ್ಕೆ ತುಸು ತೊಡಕಿನದು. ಅದನ್ನು ತಿದ್ದಿದರೆ ಹೊಸದೊಂದು ಪತ್ರವನ್ನೇ ಇಟ್ಟು ಹಳೆಯದನ್ನು ತೆಗೆಯಬೇಕಾಗುತ್ತದೆ. ಎರಡು ಯಂತ್ರಗಳಲ್ಲಿ ತಿದ್ದಿದ ಕರಡು ಕೆಲವೊಮ್ಮೆ ಎರಡಾಗಿ ಕಾಣಿಸುವುದು ಇದರಿಂದ.

ಇನ್ನು ಅಳಿಸುವ ಮಾತು. ಅಳಿಸು ಎಂದಾಗ ಸಾಮಾನ್ಯವಾಗಿ ಪತ್ರವು ಕಸದ ಬುಟ್ಟಿ ಎಂಬ ವಿಭಾಗಕ್ಕೆ ಹೋಗುತ್ತದೆ. ಈ ಬದಲಾವಣೆ ನಡೆಯುವುದು ಸರ್ವರಿನಲ್ಲಿ. ಅಲ್ಲಿಂದ ಅದು ಉಳಿದೆಲ್ಲ ಯಂತ್ರಗಳಿಗೂ ತಲುಪುತ್ತದೆ. ಹೊಸ ಪತ್ರ ಎಷ್ಟು ನಿಷ್ಠೆಯಿಂದ ಎಲ್ಲ ಕಡೆಗೂ ಹೋಗುತ್ತದೆಯೋ ಅಳಿಸುವಿಕೆಯೂ ಅಷ್ಟೇ ನಿಷ್ಠೆಯಿಂದ ಹೋಗುತ್ತದೆ. ಜಿಮೇಲಿನ ಕಸದ ಬುಟ್ಟಿಯಲ್ಲಿ ಪತ್ರ ಇರುವುದು 30 ದಿನ ಮಾತ್ರ. ಬೇರೆ ಸೇವೆಗಳಲ್ಲಿ ಈ ಅವಧಿ ಬೇರೆಯಾಗಿರಬಹುದು. ನಾನು ಎಚ್ಚೆತ್ತದ್ದು ಎರಡು ತಿಂಗಳ ನಂತರ. ಮೂರು ಯಂತ್ರಗಳಲ್ಲಿ ಕಾಣುವ ಪತ್ರವನ್ನು ಮೂರು ಪ್ರತಿಗಳೆಂದು ತಿಳಿಯುವುದೇ ನಮ್ಮ ಭ್ರಮೆ. ಅದು ಒಂದೇ ಪ್ರತಿ. ಮೂರು ಕಿಟಕಿಗಳಿಂದ ನೋಡುತ್ತಿದ್ದೇವೆ, ಅಷ್ಟೆ.

ಪಾಲಿಸಬೇಕಾದ ಕ್ರಮಗಳು

1. ನಿಮ್ಮ ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಖಾತೆಯ ವಿವರವನ್ನು ತೆರೆದು, ಪಾಪ್ ಇದೆಯೋ ಐಮ್ಯಾಪ್ ಇದೆಯೋ ನೋಡಿರಿ. ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಲು ಸಂಕೋಚ ಬೇಡ.

2. ಪಾಪ್ ಇದ್ದರೆ, ಸರ್ವರಿನಲ್ಲಿ ಪ್ರತಿಯನ್ನು ಉಳಿಸುವ ಆಯ್ಕೆಯನ್ನು ಗುರುತು ಮಾಡಿರಿ. ಐಮ್ಯಾಪಿಗೆ ಬದಲಾಯಿಸುವುದು ಇನ್ನೂ ಉತ್ತಮ. ಆದರೆ ಹಳೆಯ ಪತ್ರಗಳು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತವೆ. ಅವನ್ನು ಹೊಸ ಖಾತೆಯ ವಿಭಾಗಗಳಿಗೆ ನಕಲು ಮಾಡುವವರೆಗೂ ಹಳೆಯ ಖಾತೆಯನ್ನು ತೆಗೆಯಬೇಡಿರಿ.

3. ಐಮ್ಯಾಪ್ ಇದ್ದರೆ, ಮೊಬೈಲಿನಲ್ಲಿ ಜಾಗ ಮಾಡುವುದಕ್ಕಾಗಿ ಪತ್ರಗಳನ್ನು ಅಳಿಸಬೇಡಿರಿ. ಎಷ್ಟು ದಿನಗಳ ಪತ್ರಗಳನ್ನು ಮೊಬೈಲಿನಲ್ಲಿ ಇಡಬೇಕೆಂಬ ಆಯ್ಕೆ ಅನೇಕ ಆ್ಯಪ್‌ಗಳಲ್ಲಿದೆ. ಅದನ್ನು ಕಡಿಮೆ ಮಾಡಿರಿ. ಆ್ಯಪನ್ನೇ ತೆಗೆದುಹಾಕಿದರೂ ಸರ್ವರಿನಲ್ಲಿರುವ ಪತ್ರಗಳಿಗೆ ಬಾಧೆಯಿಲ್ಲ. ಕಳುಹಿಸಬೇಕಾದ ಪತ್ರ ಒಳಗೆ ಉಳಿದಿಲ್ಲವೆಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿರಿ.

4. ಕೈತಪ್ಪಿ ಅಳಿಸಿದರೆ ಅಂದೇ ಕಸದ ಬುಟ್ಟಿಯನ್ನು ತೆರೆದು ನೋಡಿರಿ.

5. ಊರಿನಲ್ಲಿರುವ ಹಿರಿಯರ ಗೂಗಲ್ ಖಾತೆಗಳನ್ನು ಆಗಾಗ ತೆರೆಯುತ್ತಿರಿ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ.

6. ವೈದ್ಯಕೀಯ ವರದಿಗಳನ್ನು ಇ-ಮೇಲಿನಿಂದ ಹೊರತೆಗೆದು, ರೋಗಿಯ ಹೆಸರು ಮತ್ತು ದಿನಾಂಕದೊಡನೆ ಬೇರೆ ಕಡೆ ಉಳಿಸಿರಿ. ಒಂದು ಪೆನ್‌ಡ್ರೈವಿನಲ್ಲಿರಲಿ, ಮುಖ್ಯವಾದವುಗಳ ಮುದ್ರಿತ ಪ್ರತಿ ಕಪಾಟಿನಲ್ಲಿರಲಿ.

ಈಗ ನಮ್ಮ ಮನೆಯ ಕಪಾಟಿನಲ್ಲಿ ಒಂದು ನೀಲಿ ಫೈಲಿದೆ. ತಾಯಿಯವರ ವರದಿಗಳೆಲ್ಲ ಅದರಲ್ಲಿ ದಿನಾಂಕದ ಕ್ರಮದಲ್ಲಿವೆ. ಅದನ್ನು ಮಾಡಲು ಒಂದು ಭಾನುವಾರ ಸಾಕಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮ ಪಾಲಿಗೆ ಎರಡು ಸಲ ನಿಜವಾಯಿತು. ವಾಚಕರು ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಒಮ್ಮೆ ತಮ್ಮ ಖಾತೆಯ ವಿವರವನ್ನು ತೆರೆದು ನೋಡಿದರೆ ಈ ಲೇಖನ ಬರೆದ ಶ್ರಮ ಸಾರ್ಥಕವಾಗುತ್ತದೆ.