ಮಾಮ, ಕಿಟಕಿ ಬಂತು!

ಮೆಟ್ರೊದಲ್ಲಿ ಯಾವುದಾದರೂ ಮಗು ರಂಪ ಮಾಡಿದರೆ ನನಗೆ ಅದರ ಅಪ್ಪ-ಅಮ್ಮನ ಮೇಲೆ ಸಿಟ್ಟು ಬರುತ್ತಿತ್ತು. ‘ಸಿಟಿಯವರಿಗೆ ಮಕ್ಕಳನ್ನ ಬೆಳೆಸೋಕೇ ಬರಲ್ಲ ಕಣೋ’ ಎಂದು ಪಕ್ಕದ ಗೆಳೆಯನ ಕಿವಿಯಲ್ಲಿ ಪಿಸುಗುಡುತ್ತಿದ್ದೆ. ದರ್ಶಿನಿಯಲ್ಲಿ ಟೇಬಲ್ ಸುತ್ತ ಓಡುವ ಮಗು, ಮಾಲ್‌ನಲ್ಲಿ ನೆಲಕ್ಕೆ ಬಿದ್ದು ಹೊರಳಾಡುವ ಮಗು, ಮುಂದೆ ಮೊಬೈಲ್ ಇಟ್ಟರಷ್ಟೇ ಬಾಯಿ ತೆರೆಯುವ ಮಗು... ಎಲ್ಲದಕ್ಕೂ ನಮ್ಮ ಪಿ.ಜಿ. ರೂಮಿನಲ್ಲಿ ಒಂದೇ ತೀರ್ಪು: ‘ನಮ್ಮಪ್ಪ ಆಗಿದ್ದಿದ್ರೆ ಒಂದು ಬಾರಿಸಿರೋರು, ಅಲ್ಲಿಗೆ ಎಲ್ಲ ಸರಿಹೋಗಿರೋದು!’ ಮದುವೆಯಿಲ್ಲ, ಮಕ್ಕಳಿಲ್ಲ, ಕೆಲಸವೂ ಇಲ್ಲ. ಹೀಗಿದ್ದ ನಾಲ್ವರು ನ್ಯಾಯಾಧೀಶರು ನಾವು.

ನಾನು ಅರಸೀಕೆರೆ ಕಡೆಯ ಹಳ್ಳಿಯವನು. ಬಿ.ಕಾಂ. ಮುಗಿಸಿ ಕೆಎಎಸ್ ಕೋಚಿಂಗ್‌ಗೆಂದು ವಿಜಯನಗರಕ್ಕೆ ಬಂದು ಎರಡು ವರ್ಷವಾಯಿತು. ಅಕ್ಕನ ಮನೆಯೂ ಹತ್ತಿರದಲ್ಲೇ. ಅಕ್ಕ, ಭಾವ ಇಬ್ಬರಿಗೂ ಕೆಲಸ. ಒಂದು ಶನಿವಾರ ಇಬ್ಬರಿಗೂ ಆಫೀಸು, ಮಗುವಿನ ಡೇಕೇರ್‌ಗೆ ರಜೆ. ‘ಹೇಗೂ ಮನೇಲೇ ಇರ್ತೀಯಲ್ಲ, ಪುಟ್ಟನನ್ನ ಕಬ್ಬನ್ ಪಾರ್ಕ್‌ಗೆ ಕರ್ಕೊಂಡು ಹೋಗಿ ಬಾ’ ಎಂದಳು ಅಕ್ಕ. ‘ಹೇಗೂ ಮನೇಲೇ ಇರ್ತೀಯಲ್ಲ’ ಎಂಬ ಮಾತು ಕೆಲಸ ಹುಡುಕುತ್ತಿರುವವರಿಗೆಲ್ಲ ಪರಿಚಿತವೇ. ನುಂಗಿಕೊಂಡು ಒಪ್ಪಿದೆ.

ಪುಟ್ಟನಿಗೆ ನಾಲ್ಕು ವರ್ಷ. ಹೊರಡುವಾಗ ಶೂ ಹಾಕಿಸಿಕೊಳ್ಳಲು ಹಟ ಮಾಡಿದ. ‘ಬೇಗ ಬಾ, ರೈಲಿನ ಕಿಟಕಿಯಲ್ಲಿ ಇಡೀ ಬೆಂಗಳೂರು ಕಾಣುತ್ತೆ’ ಎಂದು ಆಸೆ ತೋರಿಸಿದೆ. ಕೆಲಸ ಮಾಡಿತು. ವಿಜಯನಗರದಲ್ಲಿ ರೈಲು ಹತ್ತಿದ ಕೂಡಲೇ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತ. ಟೆರೇಸ್ ಮೇಲಿನ ಬಟ್ಟೆ, ನೀರಿನ ಟ್ಯಾಂಕು, ಕೆಳಗೆ ಹೋಗುವ ಬಸ್ಸು, ಎಲ್ಲವನ್ನೂ ಎಣಿಸುತ್ತಿದ್ದ. ‘ನೋಡು, ಮಗು ನೋಡ್ಕೊಳ್ಳೋದು ಇಷ್ಟು ಸುಲಭ’ ಎಂದು ಮನಸ್ಸಿನಲ್ಲೇ ಬೀಗಿದೆ.

ಹೊಸಹಳ್ಳಿ ದಾಟಿತು, ಮಾಗಡಿ ರಸ್ತೆ ದಾಟಿತು. ಆಮೇಲೆ ಪುಟ್ಟ ಇದ್ದಕ್ಕಿದ್ದಂತೆ ಕಿರುಚತೊಡಗಿದ. ‘ಬೇಡ, ಬೇಡ’ ಎಂದು ಬಾಗಿಲಿಗೆ ಗುದ್ದಿದ. ಎತ್ತಿಕೊಳ್ಳಲು ಹೋದರೆ ಎದೆಗೆ ಒದ್ದ. ಮೆಜೆಸ್ಟಿಕ್ ಬರುವ ಹೊತ್ತಿಗೆ ಬೋಗಿ ತುಂಬಿತ್ತು. ‘ಮಗೂನ ಸರಿಯಾಗಿ ಹಿಡ್ಕೊಳ್ಳಪ್ಪ’ ಎಂದರು ಒಬ್ಬ ಹಿರಿಯರು. ಒಬ್ಬ ಹುಡುಗಿ ಇಯರ್‌ಫೋನ್ ತೆಗೆದು ನನ್ನತ್ತ ನೋಡಿದಳು. ಇಬ್ಬರು ಹುಡುಗರು ಏನೋ ಪಿಸುಗುಟ್ಟಿ ನಕ್ಕರು. ಆ ಪಿಸುಮಾತು ನನಗೆ ಕೇಳಿಸಲಿಲ್ಲ, ಆದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ನಾನೇ ಎಷ್ಟು ಸಲ ಆಡಿದ ಮಾತು ಅದು!

ನನ್ನ ಕೈ ಎದ್ದಿತು. ಪುಟ್ಟನ ಕೆನ್ನೆಗೆ ಒಂದು ಏಟು ಬಿತ್ತು.

ಅವನು ತಟ್ಟನೆ ಸುಮ್ಮನಾದ. ಅಳಲೂ ಇಲ್ಲ. ಸುತ್ತಲಿನವರು ಮತ್ತೆ ತಮ್ಮ ತಮ್ಮ ಮೊಬೈಲ್‌ಗೆ ಮರಳಿದರು. ಎಲ್ಲರಿಗೂ ಸಮಾಧಾನವಾದಂತಿತ್ತು. ನನಗೆ ಮಾತ್ರ ಹೊಟ್ಟೆಯೊಳಗೆ ಏನೋ ತಿರುಚಿದ ಹಾಗಾಯಿತು. ಮನೆಯಲ್ಲಿ ಇದಕ್ಕಿಂತ ದೊಡ್ಡ ರಂಪ ಮಾಡಿದಾಗಲೂ ನಾನವನ ಮೈ ಮುಟ್ಟಿರಲಿಲ್ಲ. ಈಗ ಹೊಡೆದದ್ದು ಯಾಕೆ? ಹತ್ತು ಜನ ನೋಡುತ್ತಿದ್ದರು, ಅದಕ್ಕೆ. ಆ ಏಟು ಬಿದ್ದದ್ದು ಪುಟ್ಟನ ಕೆನ್ನೆಗೆ, ಕೊಟ್ಟದ್ದು ಮಾತ್ರ ನೋಡುವವರಿಗಾಗಿ.

ತಮಾಷೆಯೆಂದರೆ, ಈ ವಿಷಯದಲ್ಲಿ ಪರೀಕ್ಷೆ ಇಟ್ಟಿದ್ದರೆ ನಾನು ಪೂರ್ತಿ ಅಂಕ ತೆಗೆಯುತ್ತಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 17 ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ, ಭಾರತ ಒಪ್ಪಿಕೊಂಡದ್ದು 1992ರಲ್ಲಿ. ಮನೆಯಲ್ಲೂ ಮಕ್ಕಳಿಗೆ ಹೊಡೆಯುವಂತಿಲ್ಲ ಎಂದು ಜಗತ್ತಿನಲ್ಲೇ ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, 1979ರಲ್ಲಿ. ಇವೆಲ್ಲ ನನ್ನ ನೋಟ್ಸ್‌ನಲ್ಲಿ ಕೆಂಪು ಗೆರೆ ಎಳೆದುಕೊಂಡು ಕೂತಿವೆ. ಬೋಗಿಯಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಪಾರ್ಕ್‌ನಲ್ಲಿ ಪುಟ್ಟ ಆಡಿದ, ಬಿದ್ದ, ಐಸ್‌ಕ್ರೀಮ್ ತಿಂದ. ನನ್ನ ಕೈ ಮಾತ್ರ ಹಿಡಿಯಲಿಲ್ಲ. ಸಂಜೆ ವಾಪಸ್ ರೈಲು ಹತ್ತಿದೆವು. ಹೊರಗೆಲ್ಲ ಕಪ್ಪು. ಅವನು ಗಾಜಿನ ಕಡೆ ನೋಡದೆ ನನ್ನ ಪ್ಯಾಂಟ್ ಹಿಡಿದು ನಿಂತಿದ್ದ. ಸಿಟಿ ರೈಲ್ವೆ ಸ್ಟೇಷನ್ ಬಿಟ್ಟ ಸ್ವಲ್ಪ ಹೊತ್ತಿಗೆ ರೈಲು ಸುರಂಗದಿಂದ ಮೇಲೆ ಬಂತು. ಸಂಜೆ ಬಿಸಿಲು ಬೋಗಿಯೊಳಗೆ ಬಿತ್ತು. ಪುಟ್ಟ ತಲೆಯೆತ್ತಿ ಮೆಲ್ಲಗೆ ಹೇಳಿದ: ‘ಮಾಮ, ಕಿಟಕಿ ಬಂತು. ಈಗ ಹೊಡೀಬೇಡ.’

ಆಗ ಹೊಳೆಯಿತು. ಬೆಳಿಗ್ಗೆ ಅವನು ಅತ್ತದ್ದು ಕಿಟಕಿ ಹೋಯಿತೆಂದು. ಇಡೀ ಬೆಂಗಳೂರು ತೋರಿಸುತ್ತೇನೆಂದು ಹೇಳಿದ್ದವನು ನಾನು. ಸುರಂಗ ಬರುತ್ತದೆಂದು ಹೇಳದೇ ಇದ್ದವನೂ ನಾನೇ. ಕತ್ತಲಾದಾಗ ಹೆದರಿದ ಮಗುವಿಗೆ ಅದರ ಮೇಲೊಂದು ಏಟು!

ರಾತ್ರಿ ಅಕ್ಕನ ಮುಂದೆ ತಪ್ಪೊಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ನಂಗೂ ಆಗಿದೆ ಕಣೋ. ಅಳೋಕೆ ಬಿಟ್ರೆ ಒಂದು ಮಾತು, ಹೊಡೆದ್ರೆ ಒಂದು ಮಾತು, ಮೊಬೈಲ್ ಕೊಟ್ರೆ ಇನ್ನೊಂದು ಮಾತು.’ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಅವಳಿಗೂ ಗೊತ್ತು. ‘ಬಸ್ಸಲ್ಲಿ ನಲವತ್ತು ಜನ ನನ್ನೇ ನೋಡ್ತಾ ಇದ್ರೆ ಮೊಬೈಲ್ ತಾನಾಗೇ ಬ್ಯಾಗಿಂದ ಆಚೆ ಬರುತ್ತೆ’ ಎಂದಳು.

ಹಾಗಂತ ಅಕ್ಕ ಮಗುವನ್ನು ಸುಮ್ಮನೆ ಬಿಡುವವಳಲ್ಲ. ಮರುದಿನವೇ ಪುಟ್ಟ ಹೋಟೆಲ್‌ನಲ್ಲಿ ಚಮಚ ಎಸೆದ. ಅವಳು ಅವನ ಎತ್ತರಕ್ಕೆ ಕೂತು, ‘ಎತ್ಕೊಂಡು ಬಂದು ಅಂಕಲ್‌ಗೆ ಕೊಡು’ ಎಂದಳು. ಅವನು ಒಲ್ಲೆ ಎಂದ. ಅವಳು ಕಾದಳು. ದೋಸೆ ತಣ್ಣಗಾಯಿತು. ಪಕ್ಕದ ಟೇಬಲಿನವರು ನೋಡಿದರು. ಅವಳು ಅವರ ಕಡೆ ತಿರುಗಲಿಲ್ಲ. ಕೊನೆಗೆ ಪುಟ್ಟ ಚಮಚ ತಂದು ಸಪ್ಲೈಯರ್ ಕೈಗಿತ್ತ. ಶಿಸ್ತು ಕಲಿಸಲು ಐದಾರು ನಿಮಿಷ ಬೇಕಾಯಿತು. ನಾನು ಮೆಟ್ರೊದಲ್ಲಿ ಒಂದು ನಿಮಿಷವೂ ಕಾದಿರಲಿಲ್ಲ.

ಅಪ್ಪನ ಏಟಿನ ಬಗ್ಗೆ ಪಿ.ಜಿ.ಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆನಲ್ಲ, ಆಮೇಲೆ ಅದನ್ನೂ ನೆನೆಸಿಕೊಂಡೆ. ಚಿಕ್ಕವನಿದ್ದಾಗ ಪೆಪ್ಪರ್‌ಮೆಂಟಿಗೆ ಹಟ ಹಿಡಿದಿದ್ದಕ್ಕೆ ಅಪ್ಪ ಬಸ್‌ಸ್ಟ್ಯಾಂಡ್‌ನಲ್ಲೇ ಬಾರಿಸಿದ್ದರು. ಹಟ ಬಿಟ್ಟೆನೋ ಇಲ್ಲವೋ ನೆನಪಿಲ್ಲ. ನೋಡುತ್ತ ನಿಂತಿದ್ದವರ ಮುಖಗಳು ಮಾತ್ರ ಇವತ್ತಿಗೂ ನೆನಪಿವೆ. ಅವರಲ್ಲೊಬ್ಬ ಅಜ್ಜಿ ಬಂದು ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ‘ಬಿಡಪ್ಪ, ಮಗು ಅದು’ ಎಂದಿದ್ದೂ ನೆನಪಿದೆ. ಊರಿನಲ್ಲೂ ಜನ ನೋಡುತ್ತಿದ್ದರು. ಆದರೆ ನೋಡುವವರಲ್ಲಿ ಒಬ್ಬರಾದರೂ ಕೈ ಚಾಚುತ್ತಿದ್ದರು.

ಇದನ್ನೆಲ್ಲ ಮಕ್ಕಳಿಲ್ಲದ ನಮಗೆ ಯಾಕೆ ಹೇಳುತ್ತಿದ್ದೀಯ ಎನ್ನಬೇಡಿ. ಬಸ್ಸಿನಲ್ಲಿ, ಮೆಟ್ರೊದಲ್ಲಿ ಕಾಲೇಜಿಗೆ, ಇಂಟರ್‌ವ್ಯೂಗೆ ಓಡಾಡುವವರು ನಾವೇ. ಆ ಹತ್ತು ಜೋಡಿ ಕಣ್ಣುಗಳಲ್ಲಿ ಒಂದು ಜೋಡಿ ನಮ್ಮದೇ. ಅಳುವ ಮಗುವಿನ ಅಮ್ಮನನ್ನು ನಾವು ದುರುಗುಟ್ಟಿ ನೋಡಿದರೆ ಒಂದೋ ಏಟು ಬೀಳುತ್ತದೆ, ಇಲ್ಲವೇ ಮೊಬೈಲ್ ಹೊರಬರುತ್ತದೆ.

ಕಳೆದ ವಾರ ಕೋಚಿಂಗ್ ಗೆಳೆಯನ ಜೊತೆ ಎಂ.ಜಿ. ರಸ್ತೆಗೆ ಹೊರಟಿದ್ದೆ. ಮಾಗಡಿ ರಸ್ತೆ ದಾಟುತ್ತಿದ್ದಂತೆ ಒಂದು ಪುಟ್ಟ ಹುಡುಗಿ ಅಳಲು ಶುರುಮಾಡಿದಳು. ಅವಳ ಅಮ್ಮ ಗಾಬರಿಯಿಂದ ಸುತ್ತ ನೋಡಿದರು. ನಾನು ಎದ್ದು ಸೀಟು ಬಿಟ್ಟುಕೊಟ್ಟು ಹೇಳಿದೆ: ‘ಕಿಟಕಿ ಹೋಯ್ತಾ ಪುಟ್ಟಿ? ಇನ್ನು ಐದು ಸ್ಟೇಷನ್ ಎಣಿಸು, ವಾಪಸ್ ಬರುತ್ತೆ.’

ಅವಳು ಅಳು ನಿಲ್ಲಿಸಲಿಲ್ಲ. ಆದರೆ ಅಳುತ್ತಲೇ ಒಂದೊಂದೇ ಬೆರಳು ಮಡಿಸಿ ಎಣಿಸತೊಡಗಿದಳು. ಕಬ್ಬನ್ ಪಾರ್ಕ್ ದಾಟಿ ಬೆಳಕು ಬಂದಾಗ ಐದನೆಯ ಬೆರಳು ಮಡಿಸಿತ್ತು.