ಗುಳಿಗೆಯಷ್ಟೇ ಮುಖ್ಯ ರಕ್ತಪರೀಕ್ಷೆ

ಕಿತ್ತೂರು ಸೀಮೆಯ ನಮ್ಮ ತಮ್ಮನ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಓದುಗರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ. ಮನೆಯ ಸೊಸೆ ಮೂವತ್ತರ ಪ್ರಾಯದವಳು. ಹೊಟ್ಟೆತುಂಬ ಉಂಡರೂ ಸೊರಗತೊಡಗಿದಳು. ಮಾಗಿಯ ಚಳಿಯಲ್ಲಿಯೂ ಬೆವರು, ಕೈನಡುಕ, ಎದೆಬಡಿತ, ಮಾತುಮಾತಿಗೆ ಸಿಟ್ಟು. ‘ಸಿಡುಕಿನ ಸ್ವಭಾವ’ ಎಂದರು ಮನೆಯವರು. ಬೆಳಗಾವಿಯ ವೈದ್ಯರು ರಕ್ತ ಪರೀಕ್ಷಿಸಿ, ಥೈರಾಯಿಡ್ ಗ್ರಂಥಿಯ ಅತಿಸ್ರಾವವೆಂದು ನಿರ್ಣಯಿಸಿದರು. ಕಾರ್ಬಿಮಾಝೋಲ್ ಗುಳಿಗೆ ಬರೆದುಕೊಟ್ಟು, ಆರು ವಾರಗಳ ನಂತರ ಮತ್ತೆ ಪರೀಕ್ಷೆಗೆ ಬರಬೇಕೆಂದು ತಿಳಿಸಿದರು.

ಎರಡು ತಿಂಗಳಲ್ಲಿ ಆಕೆ ಚೇತರಿಸಿಕೊಂಡಳು. ಜೋಳದ ಸುಗ್ಗಿ ಬಂದಿತು, ಬಳಿಕ ಮದುವೆಗಳು ಬಂದವು. ಪರೀಕ್ಷೆ ಹಿಂದೆ ಬಿದ್ದಿತು. ಗುಳಿಗೆ ಮಾತ್ರ ಅದೇ ಪ್ರಮಾಣದಲ್ಲಿ ಏಳೆಂಟು ತಿಂಗಳು ನಡೆಯಿತು. ಮಳೆಗಾಲದ ಹೊತ್ತಿಗೆ ಅವಳ ಮುಖ ಊದಿಕೊಂಡಿತು, ಮೈ ಭಾರವಾಯಿತು. ನಸುಕಿನಲ್ಲಿ ಏಳಲಾರಳು, ತುಸು ಥಂಡಿಯನ್ನೂ ತಾಳಲಾರಳು. ಈಗ ‘ಸೋಮಾರಿ’ ಎಂಬ ಹೆಸರು ಬಂದಿತು. ಆ ಮಾತನ್ನಾಡಿದ ಹಿರಿಯರಲ್ಲಿ ನಾವೂ ಒಬ್ಬರೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಮತ್ತೆ ಪರೀಕ್ಷಿಸಿದಾಗ ನಿಜ ತಿಳಿಯಿತು: ಗುಳಿಗೆ ಗ್ರಂಥಿಯನ್ನು ಬೇಕಾದುದಕ್ಕಿಂತ ಹೆಚ್ಚು ಅದುಮಿತ್ತು. ಅತಿಸ್ರಾವ ಹೋಗಿ ಅಲ್ಪಸ್ರಾವ ಬಂದಿತ್ತು. ತಪ್ಪು ಅವಳ ಸ್ವಭಾವದ್ದಲ್ಲ. ಪರೀಕ್ಷೆಯನ್ನು ಮುಂದೂಡಿದ ನಮ್ಮದು.

ನಾವು ವೈದ್ಯರಲ್ಲ. ಆದರೆ ಬಲ್ಲವರಿಂದ ಕೇಳಿ, ಓದಿ ತಿಳಿದುದನ್ನು ಹೇಳುವೆವು. ಕೊರಳಿನ ಥೈರಾಯಿಡ್ ಗ್ರಂಥಿ ಟಿ-4, ಟಿ-3 ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿ.ಎಸ್.ಎಚ್. ಎಂಬ ಹಾರ್ಮೋನಿನ ಮೂಲಕ ಅದಕ್ಕೆ ಅಪ್ಪಣೆ ಕೊಡುತ್ತದೆ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟನ್ನು ನೆನೆಯಿರಿ. ಹೊಲಗಳಲ್ಲಿ ನೀರು ತುಂಬಿ ಹರಿಯುತ್ತಿದ್ದರೆ ಕಾಲುವೆಯ ಬಾಗಿಲು ಕಾಯುವವನು ಅದನ್ನು ಮುಚ್ಚಿಬಿಡುತ್ತಾನೆ. ಹಾಗೆಯೇ ಟಿ-4, ಟಿ-3 ಅತಿಯಾದಾಗ ಟಿ.ಎಸ್.ಎಚ್. ತೀರ ತಗ್ಗುತ್ತದೆ.

ಚಿಕಿತ್ಸೆಯ ಆರಂಭದಲ್ಲಿ ಅನೇಕರು ಎಡವುವುದು ಇಲ್ಲಿಯೇ. ಬಹುಕಾಲ ಮುಚ್ಚಿದ್ದ ಬಾಗಿಲು ಕೂಡಲೇ ತೆರೆಯುವುದಿಲ್ಲ. ಟಿ-4 ಹದಕ್ಕೆ ಬಂದ ಮೇಲೂ ಟಿ.ಎಸ್.ಎಚ್. ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ತಗ್ಗಿಯೇ ಇರಬಹುದು. ಆದುದರಿಂದ ಮೊದಲ ತಿಂಗಳುಗಳಲ್ಲಿ ಟಿ.ಎಸ್.ಎಚ್. ಒಂದನ್ನೇ ನೋಡಿ ‘ಗುಳಿಗೆ ಸಾಲದು’ ಎಂದು ತೀರ್ಮಾನಿಸಲಾಗದು. ಫ್ರೀ ಟಿ-4 ಮತ್ತು ಟಿ-3ನ್ನೂ ನೋಡಬೇಕು. ಗುಳಿಗೆ ಹೊಸ ಹಾರ್ಮೋನಿನ ತಯಾರಿಕೆಯನ್ನು ತಡೆಯುತ್ತದೆಯೇ ಹೊರತು ಗ್ರಂಥಿಯಲ್ಲಿ ಆಗಲೇ ಸಂಗ್ರಹವಾದುದನ್ನು ತೆಗೆಯದು. ಅದು ತೀರಲು ವಾರಗಳು ಬೇಕು. ಹೀಗಾಗಿ ಮೊದಲಲ್ಲಿ ನಾಲ್ಕರಿಂದ ಆರು ವಾರಕ್ಕೊಮ್ಮೆ, ಸ್ಥಿತಿ ನೆಲೆಗೊಂಡ ಮೇಲೆ ಎರಡು-ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ಪ್ರಮಾಣವನ್ನು ಹೊಂದಿಸುವುದು ರೂಢಿ.

ಹಿಂದೆ ವೈದ್ಯರು ನಾಡಿ, ತೂಕ, ಕೈನಡುಕಗಳನ್ನು ನೋಡಿಯೇ ಅಂದಾಜು ಮಾಡಬೇಕಾಗಿತ್ತು. ಅಮೆರಿಕದ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ 1950ರ ದಶಕದಲ್ಲಿ ರಕ್ತದಲ್ಲಿನ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನವನ್ನು ಕಂಡುಹಿಡಿದರು. ಅದಕ್ಕಾಗಿ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬರ್ಸನ್ ಅವರು 1972ರಲ್ಲಿಯೇ ತೀರಿಕೊಂಡಿದ್ದರು. ಆ ಶೋಧದ ಫಲ ಇಂದು ನಮ್ಮ ಸೀಮೆಯ ಮನೆಗಳಿಗೂ ಒದಗಿದೆ.

ಕೆಲವು ಸೂಚನೆಗಳನ್ನು ಮನೆಯವರೆಲ್ಲ ಗಮನಿಸಬೇಕು. ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಹಳೆಯ ವರದಿಗಳನ್ನು ಜೋಡಿಸಿಡಿರಿ. ಕೂದಲಿಗೆಂದು ಸೇವಿಸುವ ಬಯೋಟಿನ್ ಮಾತ್ರೆ ಫಲಿತಾಂಶವನ್ನು ಕೆಡಿಸಬಲ್ಲದು. ಅದನ್ನು ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ವೈದ್ಯರಿಗೂ ತಿಳಿಸಿರಿ. ಕಾರ್ಬಿಮಾಝೋಲ್ ಸೇವಿಸುವವರಿಗೆ ಜ್ವರ, ಗಂಟಲುನೋವು ಅಥವಾ ಬಾಯಿಹುಣ್ಣು ಬಂದರೆ ನಾಳೆಗೆ ಬಿಡಬೇಡಿರಿ. ರಕ್ತದ ಬಿಳಿಕಣಗಳು ಅಪಾಯಕರವಾಗಿ ಕುಸಿದಿರಬಹುದು. ಗುಳಿಗೆ ನಿಲ್ಲಿಸಿ, ಅಂದೇ ವೈದ್ಯರನ್ನು ಕಂಡು ಬಿಳಿಕಣಗಳ ಎಣಿಕೆ ಮಾಡಿಸಬೇಕು. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ತಿಳಿಸಬೇಕು, ಔಷಧವನ್ನು ಬದಲಿಸಬೇಕಾದೀತು.

ಗ್ರೇವ್ಸ್ ಎಂಬ ರೋಗದಿಂದ ಬಂದ ಅತಿಸ್ರಾವಕ್ಕೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಗುಳಿಗೆ ಬೇಕು. ನಿಲ್ಲಿಸಿದ ಬಳಿಕ ಸುಮಾರು ಅರ್ಧದಷ್ಟು ಜನರಲ್ಲಿ ಅದು ಮರಳಿ ಬರುವುದುಂಟು. ಆದ್ದರಿಂದ ಗುಳಿಗೆ ಮುಗಿದರೂ ಪರೀಕ್ಷೆ ಮುಗಿಯದು.

ನಮ್ಮ ಮನೆಯ ಆ ಮಗಳು ಪ್ರಮಾಣ ಬದಲಾದ ಮೇಲೆ ಮೊದಲಿನಂತಾಗಿದ್ದಾಳೆ. ಮುಂದಿನ ಪರೀಕ್ಷೆಯ ದಿನವನ್ನು ಈಗ ಅವಳ ಅತ್ತೆಯೇ ಅಡುಗೆಮನೆಯ ಪಂಚಾಂಗದಲ್ಲಿ ಗುರುತು ಹಾಕಿಡುತ್ತಾರೆ. ಮನೆಯ ಹೆಣ್ಣುಮಗಳು ಇದ್ದಕ್ಕಿದ್ದಂತೆ ಬದಲಾದಳೆಂದು ತೋರಿದಾಗ, ಅವಳಿಗೊಂದು ಹೆಸರಿಡುವ ಮೊದಲು ರಕ್ತಪರೀಕ್ಷೆ ಮಾಡಿಸಿರೆಂದು ಓದುಗರಲ್ಲಿ ನಮ್ಮ ವಿನಂತಿ.